ಅತ್ತೆಯ ಕಾಲು, ಸೊಪ್ಪಿನ ಕಟ್ಟು

ನಮ್ಮತ್ತೆಯ ಕಾಲು ಸೋತದ್ದು ಹಿತ್ತಲ ಮೆಟ್ಟಿಲ ಮೇಲೆ. ಮುಖ ತೊಳೆಯಲು ಹೋದವರು ಕೂತರು, ಕೂತವರು ಏಳಲಿಲ್ಲ. ನಾನು ಒಳಗೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದೆ. ಹುಳು ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಾಕಿದ್ದನ್ನು ಹಾಕಿದ ಹಾಗೇ ಮುಗಿಸುವ ಹೊತ್ತು ಅದು. ಅತ್ತೆ ಕೂಗಿದ್ದು ಕೇಳಿಸಿತು. ಅವರು ಕೂಗುವುದು ಹೊಸದಲ್ಲ, ಕೈಯಲ್ಲಿದ್ದ ತಟ್ಟೆ ಮುಗಿಸಿಯೇ ಹೋದೆ. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಕಾಲು ಮುಂದಕ್ಕೆ ಚಾಚಿಕೊಂಡಿತ್ತು, ಬೇರೆ ಯಾರದ್ದೋ ಕಾಲನ್ನು ತಂದು ಅಲ್ಲಿಟ್ಟ ಹಾಗೆ.

"ಕಾಲು ಬತ್ತಾ ಇಲ್ಲ ಕಣಮ್ಮಿ" ಅಂದರು. ಅಳಲಿಲ್ಲ. ಅವರು ಅಳುವ ಹೆಂಗಸಲ್ಲ, ಬಯ್ಯುವ ಹೆಂಗಸು.

ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಅತ್ತೆ ದಪ್ಪ ಏನಲ್ಲ, ಆದರೂ ನಿಲ್ಲದ ಮೈ ಅಂದರೆ ಭಾರವೇ. ಎಳೆದುಕೊಂಡು ಬಂದು ಚಾಪೆಯ ಮೇಲೆ ಮಲಗಿಸಿದೆ. ಆವತ್ತಿನಿಂದ ಮನೆಯ ಕೆಲಸದ ಜೊತೆ ಅವರ ಮೈಯ ಕೆಲಸವೂ ನನ್ನ ಮೇಲೆ ಬಿತ್ತು.

ನಮ್ಮೂರು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿತ್ತು. ಆಗಿನ್ನೂ ನಾವು ಮದ್ರಾಸಿಗೆ ಸೇರಿದವರು, ಯಳಂದೂರಿನವರು ಮೈಸೂರಿನವರು. ಜನ ಮಾತ್ರ ಒಂದೇ, ಹೆಣ್ಣು ಕೊಡುವುದು ತರುವುದು ನಡೆದೇ ಇತ್ತು. ನನ್ನನ್ನು ಸತ್ತೇಗಾಲದಿಂದ ತಂದಿದ್ದರು. ನನ್ನ ಗಂಡನ ತಂಗಿಯನ್ನು ಯಳಂದೂರಿಗೆ ಕೊಟ್ಟಿದ್ದರು. ಅತ್ತೆಗೆ ಅವಳೊಬ್ಬಳೇ ಮಗಳು. ಅವಳಿಗೆ ಮೊದಲನೇ ಬಸಿರಿನಲ್ಲಿ ತಿಂಗಳು ತುಂಬುವ ಮುಂಚೆ ಗಂಡನ ಮನೆಯಲ್ಲೇ ಹೆರಿಗೆಯಾಗಿ ಮಗು ಉಳಿಯಲಿಲ್ಲ. ತವರಿಗೆ ಕಳಿಸುವುದಕ್ಕೆ ತಡ ಮಾಡಿದ್ದರು. ಆಮೇಲೆ ಅವಳು ನಮ್ಮ ಮನೆಗೆ ಬಂದಾಗ ಮೂಲೆಯಲ್ಲಿ ಕೂತು ಗೋಡೆ ನೋಡುತ್ತಿದ್ದಳು. ಅತ್ತೆ ಮಗಳ ಮುಂದೆ ಏನೂ ಹೇಳಲಿಲ್ಲ. ಹಿತ್ತಲಿಗೆ ಬಂದು ಬೀಗರ ವಂಶವನ್ನೆಲ್ಲ ಬಯ್ದರು.

ಈಗ ಅವಳು ಮತ್ತೆ ಬಸುರಿ. ಈ ಸಲ ಏಳು ತುಂಬುತ್ತಲೇ ಕರೆದುಕೊಂಡು ಬರುತ್ತೇನೆ, ನನ್ನ ಕಣ್ಣ ಮುಂದೆಯೇ ಹೆರಬೇಕು ಅಂತ ಅತ್ತೆ ಹಟ ಹಿಡಿದಿದ್ದರು. ಅಷ್ಟರಲ್ಲಿ ಅವರ ಕಾಲೇ ಬಿತ್ತು. ಸುದ್ದಿ ಯಳಂದೂರಿಗೆ ಹೋಗದೆ ಇರುತ್ತದೆಯೆ? ಹೋಯಿತು. ಎದ್ದು ಓಡಾಡದ ತಾಯಿಯ ಮನೆಗೆ ಬಸುರಿಯನ್ನು ಕಳಿಸಿ ಏನು ಮಾಡುವುದು, ನಾವೇ ಇಟ್ಟುಕೊಳ್ಳುತ್ತೇವೆ ಅಂತ ಬೀಗರು ಹೇಳಿ ಕಳಿಸಿದರು. ತಪ್ಪು ಅನ್ನುವ ಹಾಗಿಲ್ಲ. ನಾನು ಅವರ ಜಾಗದಲ್ಲಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ. ಅತ್ತೆಗೆ ಮಾತ್ರ ಅದು ಎದೆಗೆ ಒದ್ದ ಹಾಗಾಯಿತು. ಬೇಗ ವಾಸಿಯಾಗಬೇಕು ಅಂತ ಇನ್ನೊಂದು ಭೇದಿ ಮಾತ್ರೆ ನುಂಗಿದರು.

ಆ ಭೇದಿಯ ವಿಷಯ ಹೇಳಬೇಕು. ನಮ್ಮ ಕಡೆ ಆಗ ತಲೆನೋವಾದರೂ ಭೇದಿಗೆ ತಗೋ, ಕಜ್ಜಿಯಾದರೂ ಭೇದಿಗೆ ತಗೋ. ಮಕ್ಕಳನ್ನು ಸಾಲಾಗಿ ಕೂರಿಸಿ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದರು. ಹೊಟ್ಟೆ ತೊಳೆದರೆ ಮೈ ತೊಳೆದಂತೆ ಅಂತ ನಂಬಿಕೆ. ಅತ್ತೆಗೆ ವಯಸ್ಸಾಗುತ್ತ ಹೊಟ್ಟೆ ಕಟ್ಟಿಕೊಳ್ಳುತ್ತಿತ್ತು. ಅದಕ್ಕೆ ವಾರವಾರ ಹರಳೆಣ್ಣೆ ಕುಡಿದರು. ಅದೂ ನಾಟದೆ ಹೋದಾಗ ಹನೂರು ಸಂತೆಯಲ್ಲಿ ಗೋಣಿ ಹಾಸಿಕೊಂಡು ಕೂರುತ್ತಿದ್ದವನ ಹತ್ತಿರ ಕರೀ ಮಾತ್ರೆ ತಂದುಕೊಂಡರು. ಜಾಪಾಳದ ಮಾತ್ರೆ ಅದು. ನುಂಗಿದರೆ ಕರುಳೇ ಕಿತ್ತು ಬರುವ ಹಾಗೆ ಹೋಗುತ್ತಿತ್ತು. ಹೋದ ಮೇಲೆ ಪಥ್ಯ. ಹಳೇ ಅಕ್ಕಿಯ ಗಂಜಿ, ಹುರಿದ ಉಪ್ಪು, ಇಷ್ಟೇ. ಸೊಪ್ಪು ಶೀತ, ಬಾಳೆಹಣ್ಣು ಶೀತ, ಮಜ್ಜಿಗೆ ಶೀತ, ಎಳನೀರಂತೂ ಕೇಳಲೇಬೇಡಿ. ಹುರುಳಿ ಉಷ್ಣ. ಗೆಣಸು ವಾಯು. ಮನುಷ್ಯರು ತಿನ್ನುವುದೆಲ್ಲ ಒಂದಲ್ಲ ಒಂದು ಕಾರಣಕ್ಕೆ ಬಿಟ್ಟುಹೋಗಿತ್ತು.

ಹೀಗೆ ಮಾಡಿಕೊಂಡು ಕಾಲು ಸೋತಿತು. ಮೀನಖಂಡ ಹಿಡಿದುಕೊಂಡು ಗಂಟಾಗುತ್ತಿತ್ತು, ನಾನು ಕೂತು ತಿಕ್ಕಬೇಕು. ಎದೆ ಡವಡವ ಅನ್ನುತ್ತದೆ ಅನ್ನುತ್ತಿದ್ದರು. ಹೊಟ್ಟೆ ಮತ್ತೆ ಉಬ್ಬಿಕೊಂಡಿತು. ಹೊಟ್ಟೆ ಉಬ್ಬಿದ್ದಕ್ಕೆ ಮತ್ತೆ ಮಾತ್ರೆ. ಮಾತ್ರೆ ನುಂಗಿದ್ದಕ್ಕೆ ಮತ್ತೆ ಗಂಜಿ. ಎದ್ದು ಹಿತ್ತಲಿಗೆ ಹೋಗಲಾರದ ಮನುಷ್ಯರಿಗೆ ಭೇದಿಯಾದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಗೆದದ್ದು ನಾನು. ಒಗೆದು, ಕೈ ತೊಳೆದು, ಮಡಿ ಬಟ್ಟೆ ಉಟ್ಟು ಹುಳುವಿನ ಮನೆಗೆ ಹೋಗಬೇಕು, ಅಲ್ಲಿಂದ ಬಂದು ಮುದ್ದೆ ತಿರುವಬೇಕು.

ಅತ್ತೆಯ ಕೈಯಲ್ಲಿ ಚೊಂಬು ನಿಲ್ಲದೆ ಹೋದ ದಿನ ನಾನು ಗಂಡನಿಗೆ ಹೇಳಿದೆ, ಗಾಡಿ ಕಟ್ಟಿ, ಕೊಳ್ಳೇಗಾಲಕ್ಕೆ ಹೋಗೋಣ ಅಂತ. ಅವರು ತಾಯಿಯ ಮುಖ ನೋಡಿದರು. ಅತ್ತೆ ಬೇಡ ಅಂದರು. ನಾನು ಗಾಡಿಯೊಳಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಬಂದು ಅತ್ತೆಯ ಕಂಕುಳಿಗೆ ಕೈ ಹಾಕಿದೆ. ಬೇಡ ಅನ್ನುವವರು ಎದ್ದು ಓಡಲಾರರಲ್ಲ.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಆಗ ಇದ್ದ ಡಾಕ್ಟರು ತಮಿಳು ಕಡೆಯವರು. ಕನ್ನಡ ಮಾತಾಡುತ್ತ ಮಾತಾಡುತ್ತ ತಮಿಳಿಗೆ ಜಾರುತ್ತಿದ್ದರು. ಮಂಡಿಗೆ ತಟ್ಟಿ ನೋಡಿದರು, ಎದೆ ಕೇಳಿದರು, ಹೊಟ್ಟೆ ಒತ್ತಿದರು, ಏನು ತಿನ್ನುತ್ತೀರಿ ಅಂದರು. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಹೇಳಿದೆ, ಮಾತ್ರೆಯ ವಿಷಯವನ್ನೂ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಬೇದೀಲಿ ಮೈಯಲ್ಲಿರೋ ಸತ್ವ ಪೂರಾ ಪೋಚ್ಚು, ಹೋಯ್ತು, ಅಮ್ಮಾ. ಎತ್ತು ಸುಸ್ತಾಗಿ ಬಿದ್ದಿದೆ. ನೀನು ಮೇವು ಹಾಕದೆ ಚಾಟೀಲಿ ಹೊಡೀತಾ ಇದೀಯ."

ಆಮೇಲೆ ನನ್ನ ಕಡೆ ತಿರುಗಿ ಬಿಡಿಸಿ ಹೇಳಿದರು. ಕಾಲಿನ ಹಾಗೆ ಕರುಳೂ ಮಾಂಸವೇ. ಗಿಡದಲ್ಲಿ, ಹಣ್ಣಿನಲ್ಲಿ, ಕಾಳಿನಲ್ಲಿ ಒಂದು ಥರದ ಉಪ್ಪಿದೆ, ಅಡಿಗೆ ಉಪ್ಪಲ್ಲ. ಅದು ಕಡಿಮೆಯಾದರೆ ಕಾಲೂ ಏಳುವುದಿಲ್ಲ, ಕರುಳೂ ಆಡುವುದಿಲ್ಲ. ಕರುಳು ಆಡಲಿಲ್ಲ ಅಂತ ಭೇದಿ ಮಾಡಿಸಿದರೆ ಉಳಿದ ಉಪ್ಪೂ ಹೋಗುತ್ತದೆ. ಮಾತ್ರೆ ನಿಲ್ಲಿಸಿ, ಎಳನೀರು ಕುಡಿಸಿ, ಬಾಳೆಹಣ್ಣು, ಸೊಪ್ಪು, ಕಾಳು, ಮಜ್ಜಿಗೆ, ಗೆಣಸು ಕೊಡಿ ಅಂದರು. ಕುಡಿಯುವುದಕ್ಕೆ ಒಂದು ಸೀಸೆ ನೀರೌಷಧಿಯನ್ನೂ ಕೊಟ್ಟರು. ಅದರ ರುಚಿ ಕೆಟ್ಟದಾಗಿತ್ತು, ಅತ್ತೆ ಗಾಡಿಯಲ್ಲೇ ಉಗಿದರು.

ಈಗ ನನಗೇ ಬಿ.ಪಿ. ಮಾತ್ರೆಯಿಂದ ಪೊಟ್ಯಾಸಿಯಂ ಇಳಿದಿದೆ ಅಂತ ರಕ್ತ ನೋಡಿ ಹೇಳುತ್ತಾರೆ. ಡಾಕ್ಟರು ಹೇಳಿದ ಆ ಉಪ್ಪು ಇದೇ, ಹೆಸರು ಆಗ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾವು ಅದನ್ನು ಇಟ್ಟುಕೊಂಡು ಏನು ಮಾಡುತ್ತಿದ್ದೆವು? ಇದನ್ನು ಓದಿ ಎಲ್ಲರೂ ಎಳನೀರು ಕುಡಿಯಲು ಹೋಗಬೇಡಿ. ದಾಯಾದಿ ಮನೆಯ ಓರಗಿತ್ತಿಯೊಬ್ಬಳಿಗೆ ಮೂತ್ರಪಿಂಡದ ಕಾಯಿಲೆ ಇತ್ತು, ಅವಳಿಗೆ ಇವೇ ಪದಾರ್ಥ ಮುಟ್ಟಬೇಡ ಅಂದಿದ್ದರು. ಒಬ್ಬರ ಮದ್ದು ಇನ್ನೊಬ್ಬರಿಗೆ ಮದ್ದಲ್ಲ.

ಮನೆಗೆ ಬಂದೆವು. ಮಾತ್ರೆಯ ಡಬ್ಬಿಯನ್ನು ನಾನು ತಿಪ್ಪೆಗೆ ಎಸೆದೆ. ಅತ್ತೆ ಎದ್ದು ಹುಡುಕಲಾರರು, ಆ ಒಂದು ಅನುಕೂಲ ಇತ್ತು. ಊಟದ ವಿಷಯದಲ್ಲಿ ಮಾತ್ರ ಅವರು ಸೋಲಲಿಲ್ಲ. ಸತ್ತೇಗಾಲಕ್ಕೆ ಹೇಳಿ ಕಳಿಸಿದ್ದಕ್ಕೆ ನನ್ನ ಅಣ್ಣ ಬಸ್ಸಿನ ಮೇಲೆ ಎಳನೀರಿನ ಗೊನೆ ಹಾಕಿ ಕಳಿಸಿದ. ಕೊಚ್ಚಿ ಕೊಟ್ಟರೆ ಅತ್ತೆ ಬಾಯಿ ಮುಚ್ಚಿಕೊಂಡರು. ಪಕ್ಕದ ಮನೆಯ ಮುದುಕಿ ಜಗುಲಿಯಲ್ಲಿ ಕೂತು, ಸೊಸೆ ಎಳನೀರು ಕುಡಿಸಿಯೇ ಅತ್ತೆಯನ್ನು ಕಳಿಸುತ್ತಾಳೆ ಅಂತ ದಾರಿಯಲ್ಲಿ ಹೋಗುವವರಿಗೆಲ್ಲ ಹೇಳಿದಳು. ನನಗೆ ಉತ್ತರ ಕೊಡುವಷ್ಟು ಬಿಡುವಿರಲಿಲ್ಲ. ಎಳನೀರನ್ನು ನನ್ನ ಗಂಡ ಕುಡಿದರು.

ಅತ್ತೆ ಒಪ್ಪಿಕೊಂಡದ್ದು ಸೊಪ್ಪೊಂದನ್ನೇ. ಡಾಕ್ಟರು ಹೇಳಿದ್ದಾರೆ, ಹಾಳಾಗಿ ಹೋಗಲಿ, ಸೊಪ್ಪು ತಿನ್ನುತ್ತೇನೆ ಅಂದರು. ನನಗೆ ಅಷ್ಟಾದರೂ ಆಯಿತಲ್ಲ ಅನ್ನಿಸಿತು. ಬೇಲಿಯ ನುಗ್ಗೆಸೊಪ್ಪು, ಹೊಲದ ದಂಟು, ಅಣ್ಣೆಸೊಪ್ಪು, ಯಾವುದು ಸಿಕ್ಕಿತೋ ಅದನ್ನು ತಂದೆ. ನಮ್ಮ ಕಡೆ ಸೊಪ್ಪು ಮಾಡುವುದು ಅಂದರೆ ಉಪ್ಸಾರು. ಸೊಪ್ಪನ್ನೂ ಕಾಳನ್ನೂ ನೀರಿನಲ್ಲಿ ಬೇಯಿಸಿ, ನೀರನ್ನು ಬಸಿದು, ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬಸಿದ ನೀರಿಗೆ ಕಟ್ಟು ಅನ್ನುತ್ತೇವೆ. ಅದಕ್ಕೆ ಉಪ್ಪು ಹಾಕಿ, ಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಖಾರ ಕಲಸಿಕೊಂಡು ಮುದ್ದೆ ನುಂಗುವುದು. ಗಂಡಸರಿಗೆ ಕಟ್ಟು ಜಾಸ್ತಿ ಬೇಕು. ಅತ್ತೆಗೆ ಕಟ್ಟು ಬೇಡವೇ ಬೇಡ, ಅದರಲ್ಲಿ ವಾಯುವೆಲ್ಲ ಇಳಿದಿರುತ್ತದೆ ಅಂತ. ಪಲ್ಯವನ್ನೂ ಇನ್ನೊಂದು ಸಲ ಹಿಂಡಿಸಿ, ಹತ್ತಿಯ ಉಂಡೆಯ ಹಾಗೆ ಒಣಗಿದ್ದನ್ನು ಗಂಜಿಯ ಜೊತೆ ತಿನ್ನುತ್ತಿದ್ದರು. ಅಡಿಗೆಯನ್ನು ಎರಡು ಥರ ಮಾಡಿ ನನ್ನ ಕೈ ಬಿದ್ದುಹೋಯಿತು. ಅವರ ಕಾಲು ಹಾಗೇ ಇತ್ತು.

ಅತ್ತೆ ಅರ್ಧ ನುಂಗಿ ಅರ್ಧ ಉಗಿದು ಔಷಧಿ ಮುಗಿಸಿದರು ಅಂತ ನನ್ನ ಗಂಡ ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಊಟ ಹೇಗೆ ನಡೆದಿದೆ ಅಂತ ಕೇಳಿದ್ದಾರೆ. ಇವರು, ಅಮ್ಮ ದಿನವೂ ಸೊಪ್ಪು ತಿನ್ನುತ್ತಾರೆ, ಅಂದಿದ್ದಾರೆ. ಹೇಗೆ ಬೇಯಿಸುತ್ತೀರಿ ಅಂದದ್ದಕ್ಕೆ, ಗಂಡಸು, ಆದರೂ ಉಪ್ಸಾರಿನ ಕ್ರಮ ಗೊತ್ತಿರುತ್ತದಲ್ಲ, ಹೇಳಿದ್ದಾರೆ. ಡಾಕ್ಟರು ನಕ್ಕರಂತೆ. ಬೇಕಾದ ಉಪ್ಪು ಬೇಯಿಸಿದ ನೀರಿಗೆ ಇಳಿದುಬಿಡುತ್ತದೆ, ಕಾಯಿಲೆಯವರಿಗೆ ಹಿಪ್ಪೆ ಕೊಟ್ಟು ನೀವು ರಸ ಕುಡಿಯುತ್ತಿದ್ದೀರಿ, ನೀವು ಗಟ್ಟಿಯಾಗಿಯೇ ಇದ್ದೀರಲ್ಲ ಅಂದರಂತೆ. ನನ್ನ ಗಂಡ ಇದನ್ನು ಮನೆಯಲ್ಲಿ ಹೇಳಿ ಉಣ್ಣಲು ಕೂತರು. ಆವತ್ತೂ ಕಟ್ಟು ಅವರ ತಟ್ಟೆಗೇ ಹೋಯಿತು, ಅತ್ತೆಯೇ ಹಾಕಿಸಿದರು.

ಅದೇ ವಾರ ಯಳಂದೂರಿನಿಂದ ಇನ್ನೊಂದು ಮಾತು ಬಂತು. ಹುಡುಗಿ ತವರಿಗೆ ಹೋಗುತ್ತೇನೆ ಅಂತ ಊಟ ಬಿಟ್ಟಿದ್ದಾಳೆ, ಅವಳ ಮಾವ ತಾವೇ ಬಂದು ಬೀಗಿತ್ತಿಯನ್ನು ನೋಡುತ್ತಾರೆ, ನೋಡಿದ ಮೇಲೆ ತೀರ್ಮಾನ ಅಂತ. ಮುಂದಿನ ಅಮಾವಾಸ್ಯೆ ಕಳೆದು ಬರುತ್ತಾರೆ. ಸುದ್ದಿ ತಂದವನು ಹೋದ ಮೇಲೆ ಅತ್ತೆ ಗೋಡೆಗೆ ತಿರುಗಿ ಮಲಗಿದರು. ಸಂತೆಯಿಂದ ಮಾತ್ರೆ ತರಿಸು, ಕೊನೇ ಸಲ ಹೊಟ್ಟೆ ತೊಳೆದರೆ ಎದ್ದುಬಿಡುತ್ತೇನೆ ಅಂದರು.

ನಾನು ಆಗ ಮುಂದಿನ ಬೆಳೆಯ ಹುಳುವಿನ ಕಸ ತೆಗೆದು ಬಂದಿದ್ದೆ. ಸೊಂಟ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಕೋಪ ಕೂಡ ಇರಲಿಲ್ಲ, ಕೋಪಕ್ಕೂ ತ್ರಾಣ ಬೇಕು. ಒಲೆಯ ಹತ್ತಿರ ಬಸಿದಿಟ್ಟ ಹುರುಳಿಯ ಕಟ್ಟು ಇತ್ತು. ಬಟ್ಟಲಿಗೆ ಬಗ್ಗಿಸಿಕೊಂಡು ಬಂದು ಅವರ ತಲೆದೆಸೆಯಲ್ಲಿ ಕೂತೆ.

"ಅತ್ತೆಮ್ಮ, ನಿಮ್ಗೆ ಪತ್ಯ ಬೇಕಾ, ಮಗ್ಳು ಬೇಕಾ? ಒಂದ ಯೇಳಿ. ಪತ್ಯ ಅಂದ್ರೆ ನಾಳೆನೇ ಯಳಂದೂರ್ಗೆ ಯೇಳ್ ಕಳುಸ್ತೀನಿ, ಅಲ್ಲೇ ಇಟ್ಕಳಿ ಅಂತ."

"ನಾಲ್ಗೆ ಉದ್ದ ಆಯ್ತು ಕಣಮ್ಮಿ ನಿಂದು."

"ನಿಮ್ನ ಎತ್ತಿ ಎತ್ತಿ ಸೊಂಟ ಓಯ್ತು. ನಾಲ್ಗೆ ಒಂದೇ ಉಳ್ದಿರದು."

ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ನಾನು ಏಳಲಿಲ್ಲ. ಏಳಲು ಆಗುತ್ತಿರಲಿಲ್ಲ, ಕೂತದ್ದೇ ಹಿತವಾಗಿತ್ತು. ಕೊನೆಗೆ ಅವರು ಗೋಡೆಯ ಕಡೆಯಿಂದಲೇ, ಕುಡಿದು ಸತ್ತರೆ ಅಂದರು.

"ಸತ್ರೆ ನಾನೇ ಅಳ್ತೀನಿ, ಮಗ್ಳು ಬಂದು ಅಳದು ತಪ್ತದೆ. ಕುಡೀರಿ."

ತಿರುಗಿದರು. ನಾನು ತಲೆ ಎತ್ತಿ ಹಿಡಿದೆ, ಕುಡಿದರು. ಮುಖ ಕಿವುಚಿ ಉಪ್ಪು ಸಾಲದು ಅಂದರು.

ಆಮೇಲೆ ಒಂದೇ ದಿನಕ್ಕೆ ಎದ್ದು ಕುಣಿದರು ಅಂತ ಬರೆಯಲು ನನಗೆ ಬರುವುದಿಲ್ಲ. ನಿಧಾನ, ಬಹಳ ನಿಧಾನ. ಬೆಳಿಗ್ಗೆ ಒಂದು ಎಳನೀರು, ಅದನ್ನು ಕುಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ರಾಗಿ ಅಂಬಲಿಗೆ ಮಜ್ಜಿಗೆ. ಮಧ್ಯಾಹ್ನ ಮುದ್ದೆಗೆ ಕಟ್ಟು, ಹುರುಳಿಯದ್ದೋ ಹಲಸಂದೆಯದ್ದೋ, ಸೊಪ್ಪನ್ನು ಹಿಂಡದೆ ಅದರಲ್ಲೇ ಬಿಟ್ಟು. ಗೆಣಸನ್ನು ಬೇಯಿಸಿ ನೀರು ಚೆಲ್ಲುವ ಬದಲು ಕೆಂಡದ ಬೂದಿಯಲ್ಲಿ ಸುಟ್ಟು ಕೊಟ್ಟೆ. ಹಿತ್ತಲ ಬಾಳೆಯ ಹಣ್ಣು. ಕಟ್ಟು ಕುಡಿದರೆ ಮಾತ್ರ ಹೊಟ್ಟೆ ನೋವು ಅಂತ ಮೊದಮೊದಲು ಹೊರಳಾಡಿದರು. ನಾನು ಹಣೆಗೆ ವಿಭೂತಿ ಇಟ್ಟು ನನ್ನ ಕೆಲಸ ನೋಡಿಕೊಂಡೆ. ಹೊರಳಾಡುವಷ್ಟು ತ್ರಾಣ ಬಂತಲ್ಲ ಅಂದುಕೊಂಡೆ.

ಒಂದು ದಿನ ಮಾತ್ರೆ ಇಲ್ಲದೆ ಹೊಟ್ಟೆ ತಾನಾಗಿಯೇ ಹೋಯಿತು. ಅದನ್ನು ಅವರು ಯಾರಿಗೂ ಹೇಳಲಿಲ್ಲ, ನಾನು ನೋಡಿದೆ, ನಾನೂ ಸುಮ್ಮನಿದ್ದೆ. ಮೀನಖಂಡದ ಗಂಟು ಕಡಿಮೆಯಾಯಿತು. ಚೊಂಬು ಕೈಯಲ್ಲಿ ನಿಂತಿತು. ಆಮೇಲೆ ಒರಳುಕಲ್ಲು ಹಿಡಿದು ನಿಂತರು, ನಿಂತು, ಹಸಿವಾಗಿದೆ ಅಂತ ಬಯ್ದರು. ನನಗೆ ಆಗ ಖುಷಿಯಾಯಿತು ಅಂತೇನಿಲ್ಲ. ಇನ್ನು ಎತ್ತುವುದು ಒಂದು ತಪ್ಪುತ್ತದೆ ಅನ್ನಿಸಿತು, ಅಷ್ಟೆ.

ಬೀಗರು ಹೇಳಿದ ದಿನಕ್ಕೆ ಬಂದರು, ನಾದಿನಿಯ ಗಂಡನೂ ಜೊತೆಗಿದ್ದ. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ಪದ್ಧತಿ. ನಾನು ಚೊಂಬು ತುಂಬಿಟ್ಟು ತೆಗೆದುಕೊಳ್ಳಲು ಬಗ್ಗಿದೆ. ಅತ್ತೆ ನನ್ನನ್ನು ಮೊಣಕೈಯಿಂದ ಸರಿಸಿದರು. ಒಂದು ಕೈಯಲ್ಲಿ ಗೋಡೆ, ಒಂದು ಕೈಯಲ್ಲಿ ಚೊಂಬು. ನಡುಮನೆಯಿಂದ ಜಗುಲಿಗೆ ಎಷ್ಟು ದೂರ ಇದ್ದೀತು, ಆವತ್ತು ಅದು ಕೊಳ್ಳೇಗಾಲದಷ್ಟು ದೂರ ಕಂಡಿತು. ಬಾಗಿಲ ಹತ್ತಿರ ಗೋಡೆ ಮುಗಿಯುತ್ತದೆ. ಗೋಡೆ ಬಿಟ್ಟು ನಡೆದರು. ನೀರು ಸ್ವಲ್ಪ ತುಳುಕಿತು. ನಾನು ಹಿಂದೆಯೇ ಇದ್ದೆ, ಬಿದ್ದರೆ ಹಿಡಿಯಲು ಅಂತ. ಬೀಳಲಿಲ್ಲ.

"ಏನ್ ಬೀಗ್ರೇ, ಕಾಲೇ ಓಯ್ತು ಅಂದಿದ್ರು ಜನ" ಅಂದರು ಬೀಗರು, ಚೊಂಬು ಇಸಿದುಕೊಂಡು.

"ಕಾಲು ಇಲ್ಲೇ ಅದೆ ಬೀಗ್ರೇ. ಜನದ ಬಾಯಿ ಎಲ್ಲೆಲ್ಲೋ ಓಯ್ತದೆ."

ಊಟಕ್ಕೆ ಬಡಿಸಿದ್ದೂ ಅತ್ತೆಯೇ, ಕಂಬಕ್ಕೆ ಒರಗಿಕೊಂಡು. ಬೀಗರು ಉಣ್ಣುತ್ತಾ ಅವರ ಕಾಲನ್ನೇ ನೋಡುತ್ತಿದ್ದರು, ಎತ್ತು ಕೊಳ್ಳಲು ಬಂದವರ ಹಾಗೆ. ಎಲೆ ಅಡಿಕೆ ಹಾಕಿಕೊಂಡ ಮೇಲೆ, ಬುಧವಾರ ದಿನ ಚೆನ್ನಾಗಿದೆ, ಗಾಡಿ ಕಳಿಸಿ ಅಂದರು. ಅವರು ಹೊರಟು ಊರ ಬಾಗಿಲು ದಾಟುವ ತನಕ ಅತ್ತೆ ಜಗುಲಿಯಲ್ಲಿ ನಿಂತೇ ಇದ್ದರು. ಆಮೇಲೆ ನನ್ನ ಮೇಲೆ ಕುಸಿದರು. ಮತ್ತೆ ಎತ್ತಿಕೊಂಡು ಹೋಗಿ ಮಲಗಿಸಿದೆ. ಎರಡು ದಿನ ಏಳಲಿಲ್ಲ, ಕಟ್ಟು ಮಾತ್ರ ಕೇಳಿ ಕೇಳಿ ಕುಡಿದರು.

ಬುಧವಾರ ನಾದಿನಿ ಬಂದಳು. ಮುಖ ಬಿಳಿಚಿಕೊಂಡಿತ್ತು, ಹೊಟ್ಟೆಯ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ಅತ್ತೆ ಅವಳನ್ನು ಕೈ ಹಿಡಿದು ಕೂರಿಸಿಕೊಂಡರು. ಅವಳ ಚಾಪೆಯನ್ನು ತಮ್ಮ ಚಾಪೆಯ ಪಕ್ಕಕ್ಕೆ ಹಾಸಿಸಿದರು. ನನಗೆ ಒಬ್ಬರ ಬದಲು ಇಬ್ಬರ ಸೇವೆ ಆಯಿತು. ಅಷ್ಟರಲ್ಲಿ ಆ ಬೆಳೆಯ ರೇಷ್ಮೆಗೂಡು ಬಿಡಿಸಿ ಮುಗಿದಿತ್ತು, ಅದೊಂದು ಪುಣ್ಯ.

ತಿಂಗಳು ತುಂಬಿಯೇ ಹೆರಿಗೆಯಾಯಿತು. ಸೂಲಗಿತ್ತಿ ಬಂದಳು. ಬೆಳಕು ಹರಿಯುವಾಗ ನೋವು ಶುರುವಾಗಿ ದನ ಮನೆಗೆ ಬರುವ ಹೊತ್ತಿಗೆ ಮುಗಿಯಿತು. ಅಷ್ಟು ಹೊತ್ತೂ ಅತ್ತೆ ಮಗಳನ್ನು ಹಿಂದಿನಿಂದ ಅವುಚಿ ಹಿಡಿದು, ತಮ್ಮ ಎರಡು ಮಂಡಿಯ ನಡುವೆ ಅವಳ ಬೆನ್ನು ಆನಿಸಿಕೊಂಡು ಕೂತಿದ್ದರು. ನಾನು ಬದಲಾಗುತ್ತೇನೆ ಅಂದೆ, ಬಿಡಲಿಲ್ಲ. ಹೆಣ್ಣು ಮಗು. ಸ್ವಲ್ಪ ತಡವಾಗಿ ಅತ್ತಿತು. ಆ ತಡದಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮಾರನೆಯ ದಿನ ಮಗುವಿಗೆ ನೀರು ಹಾಕಬೇಕು. ಬಚ್ಚಲಿನಲ್ಲಿ ಅತ್ತೆ ಗೋಡೆ ಹಿಡಿದು ಇಳಿದು, ಕೂತು, ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ ಎರಡು ಕಾಲನ್ನೂ ಜೋಡಿಸಿ ಚಾಚಿದರು. ಸಣಕಲು ಕಾಲು, ಮಾಂಸ ಇನ್ನೂ ತುಂಬಿರಲಿಲ್ಲ. ಮಗುವನ್ನು ಅದರ ಮೇಲೆ ಬೋರಲು ಮಲಗಿಸಿಕೊಂಡು ಎಣ್ಣೆ ತಿಕ್ಕಿದರು. ಹಂಡೆಯ ಬಿಸಿನೀರನ್ನು ನಾನು ಹೊತ್ತು ತಂದು ಬೆರೆಸಿ ಹುಯ್ಯುತ್ತಾ ಹೋದೆ. ನೀರು ಸಾಲದು ಇನ್ನೊಂದು ಕೊಡ ತಾ ಅಂದರು. ತರಲು ಹೋದೆ.